ಒಂದೇ ನೆಟ್ ಲೈನಿನಲ್ಲಿ ಬ್ಯಾಕಪ್ಪೂ ಯಕ್ಷಗಾನದ ಲೈವೂ: ಬ್ಯಾಂಡ್‌ವಿಡ್ತ್ ಹಂಚಿಕೆಯ ಸಮಗ್ರ ಮಾರ್ಗದರ್ಶಿ

ರಾತ್ರಿ ಒಂಬತ್ತರ ಹೊತ್ತಿಗೆ ಮುಂಬಯಿಯ ನಮ್ಮವರ ಮನೆಗಳಲ್ಲಿ ನೆಟ್ ಲೈನಿಗೆ ಬಿಡುವೇ ಇರುವುದಿಲ್ಲ. ಟಿವಿಯಲ್ಲಿ ಊರಿನ ಮೇಳದ ಆಟದ ಲೈವ್. ಒಳಕೋಣೆಯಲ್ಲಿ ಮಗನ ಆಫೀಸ್ ಮೀಟಿಂಗ್. ಮಗಳ ಲ್ಯಾಪ್‌ಟಾಪಿನಲ್ಲಿ ವಿಂಡೋಸ್ ಅಪ್‌ಡೇಟ್. ಇದರ ಮಧ್ಯೆ ಮದುವೆ ಮುಗಿಸಿ ಊರಿಂದ ಬಂದವರ ಫೋನು ವೈಫೈ ಸಿಕ್ಕಿದ್ದೇ ತಡ, ತುಂಬಿಕೊಂಡಿರುವ ಫೋಟೊ ವಿಡಿಯೊಗಳನ್ನೆಲ್ಲ ಕ್ಲೌಡಿಗೆ ಏರಿಸಲು ಶುರುಮಾಡುತ್ತದೆ. ಭಾಗವತರು ಪದ ಎತ್ತುವ ಹೊತ್ತಿಗೆ ಸರಿಯಾಗಿ ಪರದೆಯ ಮೇಲೆ ಚಕ್ರ ತಿರುಗುತ್ತದೆ. ಒಳಗಿನಿಂದ, "ಯಾರು ನೆಟ್ ಎಳೀತಿರೋದು?" ಎಂಬ ಕೂಗು.

ಇದಕ್ಕೆ ಎಲ್ಲರೂ ಹೇಳುವ ಮದ್ದು ಒಂದೇ, ಪ್ಲಾನ್ ದೊಡ್ಡದು ಮಾಡಿಸಿ ಎಂದು. 100 ಎಂಬಿಪಿಎಸ್ (ಸೆಕೆಂಡಿಗೆ ಇಷ್ಟು ಮೆಗಾಬಿಟ್) ಇದ್ದದ್ದು 300 ಆಗುತ್ತದೆ, ಬಿಲ್ಲೂ ಏರುತ್ತದೆ, ಚಕ್ರ ಮಾತ್ರ ಮತ್ತೆ ಬರುತ್ತದೆ. ಡೊಂಬಿವಲಿ, ಠಾಣೆ, ಮುಲುಂಡ್ ಕಡೆಯ ನೆಂಟರಿಷ್ಟರ ಮನೆಗಳ ನೆಟ್ ನೋಡಿಕೊಳ್ಳುವವನು ನಾನು. ಸಂಘದ ಕಾರ್ಯಕ್ರಮಗಳ ಲೈವ್ ಕೂಡ. ನನ್ನ ಖಚಿತ ಅಭಿಪ್ರಾಯ ಹೇಳುತ್ತೇನೆ: ಮನೆಯಲ್ಲಿ 50 ಎಂಬಿಪಿಎಸ್ ಮೇಲೆ ಇದ್ದರೆ, ಪ್ಲಾನ್ ಮುಟ್ಟುವ ಮೊದಲು ಹಂಚಿಕೆ ಸರಿಮಾಡಿ. ಖರ್ಚು ಕಡಿಮೆ, ಫಲ ಹೆಚ್ಚು. ಹೇಗೆಂದು ಒಂದೊಂದಾಗಿ ನೋಡೋಣ.

ಮೊದಲು ರೋಗ ಯಾವುದೆಂದು ತಿಳಿಯಲಿ

ಮನೆಯಿಂದ ಹೊರಗೆ ಹೋಗುವ ದಾರಿ ಒಂದೇ. ಎಲ್ಲರ ಪ್ಯಾಕೆಟ್‌ಗಳೂ, ಅಂದರೆ ಡೇಟಾದ ಚಿಕ್ಕ ತುಂಡುಗಳು, ಅಲ್ಲಿ ಸಾಲು ನಿಲ್ಲಬೇಕು. ಫೈಲ್ ಸಾಗಿಸುವ ಟಿಸಿಪಿ ಎಂಬ ನಿಯಮಾವಳಿಯ ಗುಣವೆಂದರೆ, ಪ್ಯಾಕೆಟ್ ಕಳೆದುಹೋಗುವವರೆಗೂ ವೇಗ ಏರಿಸುತ್ತಲೇ ಇರುವುದು. ಕಳೆದದ್ದು ಗೊತ್ತಾದ ಮೇಲೆ ತಗ್ಗುವುದು. 1986ರಲ್ಲಿ ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ ಕೆಲವೇ ನೂರು ಗಜ ದೂರದ ಎರಡು ಸಂಸ್ಥೆಗಳ ನಡುವಿನ ವೇಗ ಸೆಕೆಂಡಿಗೆ 32 ಕಿಲೋಬಿಟ್‌ನಿಂದ 40 ಬಿಟ್‌ಗೆ ಕುಸಿದಿತ್ತು. ಅದನ್ನು ಕಂಡ ಅಲ್ಲಿನ ಸಂಶೋಧಕ ವ್ಯಾನ್ ಜೇಕಬ್ಸನ್ 1988ರಲ್ಲಿ, ದಟ್ಟಣೆ ಕಂಡರೆ ಹಿಂದೆ ಸರಿಯುವ ಈ ಕ್ರಮವನ್ನು ಟಿಸಿಪಿಗೆ ಕಲಿಸಿದರು. ಇಂಟರ್ನೆಟ್ ಇಂದಿಗೂ ಅದರ ಬಲದಲ್ಲೇ ನಡೆಯುತ್ತಿದೆ.

ಮುಂದೆ ಮೆಮೊರಿ ಅಗ್ಗವಾಯಿತು. ಮೋಡೆಮ್, ರೂಟರ್ ತಯಾರಿಸುವವರು ಒಂದು ಪ್ಯಾಕೆಟ್ಟೂ ಕಳೆಯಬಾರದೆಂದು ದೊಡ್ಡ ದೊಡ್ಡ ಬಫರ್, ಅಂದರೆ ಪ್ಯಾಕೆಟ್‌ಗಳು ಕಾದು ನಿಲ್ಲುವ ಜಾಗ, ಇಟ್ಟರು. ಪ್ಯಾಕೆಟ್ ಕಳೆಯದಿದ್ದರೆ ಟಿಸಿಪಿಗೆ ದಟ್ಟಣೆಯ ಸುಳಿವೇ ಸಿಗದು. ಅದು ಬಫರ್ ತುಂಬಿ ತುಳುಕುವವರೆಗೆ ಸುರಿಯುತ್ತದೆ. ಲೆಕ್ಕ ಹಾಕಿ ನೋಡಿ: 20 ಎಂಬಿಪಿಎಸ್ ಅಪ್‌ಲೋಡ್ ಇರುವ ಲೈನಿನಲ್ಲಿ 1 ಮೆಗಾಬೈಟ್ ಬಫರ್ ತುಂಬಿದರೆ, ಅಂದರೆ 8 ಮೆಗಾಬಿಟ್, ಅದು ಖಾಲಿಯಾಗಲು 0.4 ಸೆಕೆಂಡ್ ಬೇಕು. ಹಿಂದೆ ಬಂದು ನಿಂತ ಮೀಟಿಂಗಿನ ಮಾತಿನ ಪ್ಯಾಕೆಟ್ ಎಷ್ಟೇ ಚಿಕ್ಕದಿರಲಿ, 400 ಮಿಲಿಸೆಕೆಂಡ್ ಕಾಯಬೇಕು. ಮಾತುಕತೆ ಸಹಜವಾಗಿರಲು ಒಂದು ದಿಕ್ಕಿನ ತಡ 150 ಮಿಲಿಸೆಕೆಂಡಿನೊಳಗೆ ಇರಬೇಕೆಂಬುದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟದ ಶಿಫಾರಸು. ಈ ಕಾಯಿಲೆಗೆ ಕಂಪ್ಯೂಟರ್ ತಜ್ಞ ಜಿಮ್ ಗೆಟ್ಟಿಸ್ 2010ರ ಸುಮಾರಿಗೆ ಇಟ್ಟ ಹೆಸರು ಬಫರ್‌ಬ್ಲೋಟ್.

ದಾದರ್ ಸ್ಟೇಷನ್ನಿನ ಟಿಕೆಟ್ ಕಿಟಕಿಯನ್ನು ನೆನೆಸಿಕೊಳ್ಳಿ. ಒಬ್ಬಾತ ಇಡೀ ತಂಡದ ನಲವತ್ತು ಟಿಕೆಟ್ ತೆಗೆಯಲು ನಿಂತಿದ್ದಾನೆ; ಅವನ ಹಿಂದೆ ಕುರ್ಲಾಕ್ಕೆ ಒಂದೇ ಟಿಕೆಟ್ ಬೇಕಾದವರು. ಕಿಟಕಿಯವನು ಇನ್ನಷ್ಟು ಚುರುಕಾದರೂ ನಲವತ್ತು ಮುಗಿಯುವವರೆಗೆ ಅವರಿಗೆ ಪಾಳಿಯಿಲ್ಲ. ತಂಡದವನಿಗೂ ಒಂದು ಸರದಿಗೆ ಒಂದೇ ಟಿಕೆಟ್ ಎಂದು ನಿಯಮ ಮಾಡಿದರೆ ಒಂದೇ ಟಿಕೆಟಿನವರು ಕ್ಷಣದಲ್ಲಿ ಹೊರಡುತ್ತಾರೆ, ತಂಡದವನ ಕೆಲಸವೂ ನಿಲ್ಲುವುದಿಲ್ಲ. ಮುಂದೆ ರೂಟರಿನಲ್ಲಿ ನಾವು ಮಾಡಹೊರಟಿರುವುದು ಇಷ್ಟನ್ನೇ.

ಅಪ್‌ಲೋಡ್ ತುಂಬಿದರೆ ಡೌನ್‌ಲೋಡೂ ಕುಂಟುತ್ತದೆ ಎಂಬುದನ್ನು ಬಹಳ ಜನ ನಂಬುವುದಿಲ್ಲ. ಟಿವಿಗೆ ಬರುವ ಪ್ರತಿ ಕಂತಿಗೂ "ತಲುಪಿತು" ಎಂಬ ಚಿಕ್ಕ ರಸೀದಿ ವಾಪಸು ಹೋಗಬೇಕು. ಆ ರಸೀದಿ ಫೋಟೊ ಬ್ಯಾಕಪ್ಪಿನ ಹಿಂದೆ ಸಿಕ್ಕಿಹಾಕಿಕೊಂಡರೆ ಆ ಕಡೆಯ ಸರ್ವರ್ ಕೈಕಟ್ಟಿ ಕೂರುತ್ತದೆ. ಮೇಲಕ್ಕೆ ಹೋಗುವ ಫೋಟೊ ಕೆಳಕ್ಕೆ ಬರುವ ಯಕ್ಷಗಾನವನ್ನು ನಿಲ್ಲಿಸುವುದು ಹೀಗೆ.

ಹೆಜ್ಜೆ 1: ಅಳೆಯಿರಿ

ಲ್ಯಾಪ್‌ಟಾಪನ್ನು ಲ್ಯಾನ್ ಕೇಬಲ್ಲಿನಿಂದ ರೂಟರಿಗೆ ನೇರ ಸಿಕ್ಕಿಸಿ. ವೈಫೈಯಲ್ಲಿ ಅಳೆದರೆ ಲೈನಿನ ತೊಂದರೆ ಯಾವುದು, ಗಾಳಿಯ ತೊಂದರೆ ಯಾವುದು ಎಂದು ತಿಳಿಯುವುದಿಲ್ಲ. ಕಮಾಂಡ್ ಕಿಟಕಿ ತೆರೆದು ಗೂಗಲ್‌ನ ಸರ್ವರ್ ಆದ 8.8.8.8ಕ್ಕೆ ನಿಲ್ಲದ ಹಾಗೆ ಪಿಂಗ್ ಹಾಕಿ; ಚಿಕ್ಕ ಪ್ಯಾಕೆಟ್ ಹೋಗಿ ಬರಲು ಎಷ್ಟು ಮಿಲಿಸೆಕೆಂಡ್ ಹಿಡಿಯಿತೆಂದು ಅದು ತೋರಿಸುತ್ತದೆ. ವರ್ಸೋವಾ ಕಡಲತೀರದಲ್ಲಿ ಸಮುದ್ರದಡಿಯ ಕೇಬಲ್ಲುಗಳು ಬಂದು ಸೇರುವ ಊರು ನಮ್ಮ ಮುಂಬಯಿ; ದೊಡ್ಡ ಕಂಪನಿಗಳ ಸರ್ವರ್‌ಗಳೂ ಇಲ್ಲೇ ಇವೆ. ಹಾಗಾಗಿ ಒಳ್ಳೆಯ ಫೈಬರ್ ಲೈನಿನಲ್ಲಿ ಪಿಂಗ್ ಸಾಮಾನ್ಯವಾಗಿ ಒಂದಂಕಿಯಲ್ಲೇ ಇರುತ್ತದೆ.

ಈಗ ಆ ಕಿಟಕಿ ತೆರೆದಿರುವಂತೆಯೇ ಇನ್ನೊಂದು ಕಡೆಯಿಂದ ದೊಡ್ಡದೊಂದು ವಿಡಿಯೊವನ್ನು ಗೂಗಲ್ ಡ್ರೈವಿಗೆ ಏರಿಸಿ. ಡೊಂಬಿವಲಿಯ ನಮ್ಮ ಅತ್ತಿಗೆಯ ಮನೆಯಲ್ಲಿ ನಾನು ಕಂಡದ್ದು ಹೀಗೆ: 6, 7, 6, 7 ಎಂದು ಸರಾಗ ಇಳಿಯುತ್ತಿದ್ದ ಸಾಲು ಅಪ್‌ಲೋಡ್ ಶುರುವಾದ ಎರಡು ಉಸಿರಿನಲ್ಲೇ 90 ಆಯಿತು, 240 ಆಯಿತು, ಆಮೇಲೆ 400ರ ಆಸುಪಾಸಿನಲ್ಲಿ ನಿಂತಿತು. ಅಪ್‌ಲೋಡ್ ನಿಲ್ಲಿಸಿದೊಡನೆ ಮತ್ತೆ 7. ಲೈನ್ ಗಟ್ಟಿಮುಟ್ಟಾಗಿತ್ತು, ಸ್ಪೀಡ್ ಟೆಸ್ಟಿನಲ್ಲಿ ಪೂರ್ತಿ ವೇಗ ಬರುತ್ತಿತ್ತು. ತೊಂದರೆಯೆಲ್ಲ ಆ ಸಾಲಿನಲ್ಲೇ ಇತ್ತು.

ಕಮಾಂಡ್ ಬೇಡವೆನ್ನುವವರಿಗೆ ನೆಟ್‌ಫ್ಲಿಕ್ಸ್‌ನವರ ಫಾಸ್ಟ್ ಡಾಟ್ ಕಾಮ್ ಇದೆ. ಅದರಲ್ಲಿ ಹೆಚ್ಚಿನ ವಿವರ ಒತ್ತಿದರೆ ಖಾಲಿ ಲೈನಿನ ಲೇಟೆನ್ಸಿ (ತಡ), ತುಂಬಿದ ಲೈನಿನ ಲೇಟೆನ್ಸಿ ಎರಡೂ ಕಾಣುತ್ತವೆ. ವೇವ್‌ಫಾರ್ಮ್‌ನವರ ಬಫರ್‌ಬ್ಲೋಟ್ ಟೆಸ್ಟ್ ಶಾಲೆಯ ಹಾಗೆ ಎ, ಬಿ, ಸಿ ಎಂದು ಗ್ರೇಡನ್ನೇ ಕೊಡುತ್ತದೆ. ಸಂಜೆ ಒಮ್ಮೆ, ಬೆಳಿಗ್ಗೆ ಒಮ್ಮೆ ಅಳೆದು ಡೌನ್‌ಲೋಡ್, ಅಪ್‌ಲೋಡ್, ಎರಡು ಲೇಟೆನ್ಸಿ, ಈ ನಾಲ್ಕನ್ನೂ ಬರೆದಿಡಿ. ಸಂಜೆಯ ಸಂಖ್ಯೆಗಳೇ ಮುಂದೆ ಕೆಲಸಕ್ಕೆ ಬರುವಂಥವು.

ಹೆಜ್ಜೆ 2: ಯಾರಿಗೆ ಎಷ್ಟು ಬೇಕು

ಸ್ಟ್ರೀಮಿಂಗ್‌ಗೆ ಬೇಕಾಗುವುದು ಜನ ಅಂದುಕೊಂಡಷ್ಟಿಲ್ಲ. ನೆಟ್‌ಫ್ಲಿಕ್ಸ್ ಹೇಳುವ ಪ್ರಕಾರ 1080ಪಿಗೆ 5 ಎಂಬಿಪಿಎಸ್, 4ಕೆಗೆ 15. ಯೂಟ್ಯೂಬ್ 4ಕೆಗೆ 20 ಎನ್ನುತ್ತದೆ, 1080ಪಿಗೆ 5. ಜೂಮ್‌ನಂಥ ವಿಡಿಯೊ ಕರೆಗೆ ಒಂದೊಂದು ದಿಕ್ಕಿಗೂ 2ರಿಂದ 4 ಸಾಕು. 1080ಪಿಯ ಎರಡು ಟಿವಿ, ಎರಡು ಮೀಟಿಂಗ್ ಕೂಡಿದರೂ 20 ದಾಟುವುದು ಕಷ್ಟ. ಉಳಿದದ್ದೆಲ್ಲ ಫೈಲ್‌ಗಳಿಗೇ.

ಆದರೆ ಸ್ಟ್ರೀಮಿಂಗ್ ಎಲ್ಲವೂ ಒಂದೇ ಜಾತಿಯದಲ್ಲ. ರೆಕಾರ್ಡ್ ಆದ ಸಿನಿಮಾ ಕೆಲವು ಸೆಕೆಂಡುಗಳ ತುಂಡುಗಳಾಗಿ ಬರುತ್ತದೆ, ಮುಂದಿನ ತುಂಡುಗಳನ್ನು ಮೊದಲೇ ತಂದಿಟ್ಟುಕೊಳ್ಳುತ್ತದೆ, ಲೈನ್ ಬಿಗಿಯಾದರೆ ತಾನೇ ಗುಣಮಟ್ಟ ಇಳಿಸಿಕೊಳ್ಳುತ್ತದೆ. ಅದು ತಾಳ್ಮೆಯ ಪ್ರಾಣಿ. ಲೈವ್‌ಗೆ ಅಷ್ಟು ದಾಸ್ತಾನಿಲ್ಲ. ನಡೆಯದೇ ಇರುವ ದೃಶ್ಯವನ್ನು ಮೊದಲೇ ತರುವುದೆಂತು? ಹಾಗಾಗಿ ಬೇಗ ತೊಡರುತ್ತದೆ. ಕರೆಗಂತೂ ದಾಸ್ತಾನೇ ಇಲ್ಲ. ಮೊದಲ ಆದ್ಯತೆ ಕರೆಗೆ, ನಂತರ ಲೈವ್, ಆಮೇಲೆ ಸಿನಿಮಾ, ಕೊನೆಗೆ ಫೈಲ್.

ಫೈಲಿಗೆ ಬೇಕಾದದ್ದು ಒಟ್ಟು ಹೊತ್ತು ಮಾತ್ರ. ಬಿಟ್ಟು, ಬೈಟು ಗೊಂದಲ ಮಾಡಿಕೊಳ್ಳಬೇಡಿ: 100 ಎಂಬಿಪಿಎಸ್ ಎಂದರೆ ಸೆಕೆಂಡಿಗೆ 12.5 ಮೆಗಾಬೈಟ್. ಮದುವೆಯ 40 ಜಿಬಿ ವಿಡಿಯೊವನ್ನು 12 ಎಂಬಿಪಿಎಸ್‌ನಲ್ಲಿ ಏರಿಸಿದರೆ ಏಳೂವರೆ ಗಂಟೆಗೆ ತುಸು ಕಡಿಮೆ. ರಾತ್ರಿ ಹನ್ನೊಂದಕ್ಕೆ ಬಿಟ್ಟರೆ ಬೆಳಗಿನ ಕಾಫಿಯ ಹೊತ್ತಿಗೆ ಮುಗಿದಿರುತ್ತದೆ.

ಹೆಜ್ಜೆ 3: ವೈಫೈಯನ್ನು ಸಂಶಯದಿಂದ ಹೊರಗಿಡಿ

ಟಿವಿಗೂ ಕೆಲಸದ ಲ್ಯಾಪ್‌ಟಾಪಿಗೂ ಸಾಧ್ಯವಾದರೆ ಕೇಬಲ್ ಎಳೆಯಿರಿ. ಆಗದಿದ್ದರೆ 5 ಗಿಗಾಹರ್ಟ್ಸ್‌ಗೆ ಹಾಕಿ. ನಮ್ಮ ಬಿಲ್ಡಿಂಗುಗಳಲ್ಲಿ ಗೋಡೆಗೊಂದು ರೂಟರ್, 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್‌ಗಳು 1, 6, 11 ಮೂರೇ. ಮುಂದಿನ ಹೆಜ್ಜೆಗಳು ಲೈನಿನ ಸಾಲನ್ನು ಸರಿಪಡಿಸುತ್ತವೆಯೇ ಹೊರತು ಪಕ್ಕದ ಫ್ಲ್ಯಾಟಿನ ಸಿಗ್ನಲ್ಲನ್ನಲ್ಲ.

ಹೆಜ್ಜೆ 4: ಎಳೆಯುವವರಿಗೆ ಅಲ್ಲೇ ಮಿತಿ

ರೂಟರ್ ಮುಟ್ಟದೆ ಆಗುವ ಕೆಲಸ ಇದು, ಇವತ್ತೇ ಮಾಡಬಹುದು. ವಿಂಡೋಸ್ ಅಪ್‌ಡೇಟ್‌ನ ಸುಧಾರಿತ ಆಯ್ಕೆಗಳಲ್ಲಿ ಡೆಲಿವರಿ ಆಪ್ಟಿಮೈಸೇಷನ್ ಎಂಬುದಿದೆ. ಅಲ್ಲಿ ಡೌನ್‌ಲೋಡ್ ಮಿತಿ ಹಾಕಿ. ನಿಮ್ಮ ಕಂಪ್ಯೂಟರಿನಿಂದ ಬೇರೆಯವರಿಗೆ ಅಪ್‌ಡೇಟ್ ಹಂಚುವ ಆಯ್ಕೆ ತೆರೆದಿದ್ದರೆ ಮುಚ್ಚಿ. ಒನ್‌ಡ್ರೈವ್, ಗೂಗಲ್ ಡ್ರೈವ್ ಎರಡರ ಕಂಪ್ಯೂಟರ್ ಆ್ಯಪ್‌ಗಳ ಸೆಟ್ಟಿಂಗಿನಲ್ಲೂ ಅಪ್‌ಲೋಡ್, ಡೌನ್‌ಲೋಡ್ ಮಿತಿ ಇದೆ. ಕಂಪ್ಯೂಟರ್ ಗೇಮುಗಳ ಸ್ಟೀಮ್‌ನಲ್ಲಿ ವೇಗಮಿತಿಯ ಜೊತೆ ಅಪ್‌ಡೇಟ್ ಯಾವ ಹೊತ್ತಿಗೆ ಆಗಬೇಕೆಂದೂ ಹೇಳಬಹುದು. ಅಪ್‌ಲೋಡ್ ಮಿತಿಯನ್ನು ಅಳೆದ ವೇಗದ ಅರ್ಧದಿಂದ ಮೂರನೇ ಎರಡು ಪಾಲಿನೊಳಗೆ ಇಡುವುದು ನನ್ನ ರೂಢಿ.

ಲಿನಕ್ಸ್ ಬಳಸುವವರಿಗೆ ಫೈಲ್ ನಕಲಿಸುವ ಆರ್‌ಸಿಂಕ್‌ನ ಬಿಡಬ್ಲ್ಯು-ಲಿಮಿಟ್ ಆಯ್ಕೆ ಗೊತ್ತಿರುತ್ತದೆ. ಅದರ ಲೆಕ್ಕ ಸೆಕೆಂಡಿಗೆ ಕಿಲೋಬೈಟ್, ಎಸ್‌ಸಿಪಿಯ ಮಿತಿ ಕಿಲೋಬಿಟ್ ಎಂಬುದು ನೆನಪಿರಲಿ. ನನಗೆ ಅಚ್ಚುಮೆಚ್ಚು ಕ್ಲೌಡಿಗೆ ಫೈಲ್ ಏರಿಸುವ ಆರ್‌ಕ್ಲೋನ್. ಬೆಳಿಗ್ಗೆ ಎಂಟರಿಂದ ಇಷ್ಟು, ರಾತ್ರಿ ಹನ್ನೊಂದರ ಮೇಲೆ ಮಿತಿಯಿಲ್ಲ ಎಂದು ವೇಳಾಪಟ್ಟಿಯನ್ನೇ ಬರೆದುಕೊಡಬಹುದು.

ಟೊರೆಂಟ್ ಆ್ಯಪ್‌ಗಳಲ್ಲಿ ಲೆಡ್‌ಬ್ಯಾಟ್ ಎಂಬ ಸಭ್ಯ ಕ್ರಮ ಇರುತ್ತದೆ. ಲೈನಿನಲ್ಲಿ ತಡ ಹೆಚ್ಚುವುದನ್ನು ನೋಡಿ ತಾನೇ ಬದಿಗೆ ಸರಿಯುತ್ತದೆ. 2012ರಲ್ಲಿ ಅದು ಇಂಟರ್ನೆಟ್ ಕ್ರಮಗಳ ದಾಖಲೆಮಾಲೆಯಲ್ಲಿ ಆರ್‌ಎಫ್‌ಸಿ 6817 ಆಗಿ ಪ್ರಕಟವಾಯಿತು. ಒಳ್ಳೆಯದೇ, ಆದರೆ ಅದು ಒಪ್ಪಿಕೊಳ್ಳುವ ತಡ 100 ಮಿಲಿಸೆಕೆಂಡಿನವರೆಗೂ ಹೋಗಬಹುದಾದ್ದರಿಂದ ಕೈಯಾರೆ ಮಿತಿ ಹಾಕುವುದೇ ಮೇಲು.

ಫೋನಿನ ಫೋಟೊ ಬ್ಯಾಕಪ್ಪಿಗೆ ಸಾಮಾನ್ಯವಾಗಿ ವೇಗಮಿತಿಯ ಆಯ್ಕೆಯೇ ಇರುವುದಿಲ್ಲ. ಬಂದ ನೆಂಟರ ಫೋನಿನಲ್ಲಿ ನಾವು ಕೈಯಾಡಿಸಲೂ ಆಗದು. ಅದಕ್ಕೇ ಐದನೆಯ ಹೆಜ್ಜೆ.

ಹೆಜ್ಜೆ 5: ಸಾಲನ್ನು ನಿಮ್ಮ ರೂಟರಿಗೆ ತನ್ನಿ

ಎಲ್ಲಕ್ಕಿಂತ ಮುಖ್ಯವಾದ ಹೆಜ್ಜೆ ಇದು. ಸಾಲು ಈಗ ಬೆಳೆಯುತ್ತಿರುವುದು ನೆಟ್ ಕಂಪನಿಯ ಪೆಟ್ಟಿಗೆಯಲ್ಲಿ, ಅಲ್ಲಿ ನಮ್ಮ ಮಾತು ನಡೆಯುವುದಿಲ್ಲ. ನಮ್ಮ ರೂಟರಿನಲ್ಲಿ ಲೈನಿನ ನಿಜವಾದ ವೇಗಕ್ಕಿಂತ ಸ್ವಲ್ಪ ಕಡಿಮೆ ಮಿತಿ ಹಾಕಿದರೆ ಸಾಲು ನಮ್ಮ ಅಂಗಳಕ್ಕೆ ಬರುತ್ತದೆ. ಆಮೇಲೆ ಅದನ್ನು ನ್ಯಾಯವಾಗಿ ನಡೆಸುವ ಕೆಲಸ ಎಫ್‌ಕ್ಯು-ಕೋಡೆಲ್ ಅಥವಾ ಕೇಕ್ ಎಂಬ ಕ್ರಮಗಳದು. ಕೋಡೆಲ್ ಅನ್ನು 2012ರಲ್ಲಿ ಕ್ಯಾಥ್ಲೀನ್ ನಿಕೋಲ್ಸ್ ಮತ್ತು ಅದೇ ವ್ಯಾನ್ ಜೇಕಬ್ಸನ್ ರೂಪಿಸಿದರು. ಪ್ಯಾಕೆಟ್‌ಗಳು ಸಾಲಿನಲ್ಲಿ 5 ಮಿಲಿಸೆಕೆಂಡಿಗಿಂತ ಹೆಚ್ಚು ಕಾಯುವುದು 100 ಮಿಲಿಸೆಕೆಂಡ್‌ವರೆಗೂ ಮುಂದುವರಿದರೆ ಅದು ಒಂದೊಂದು ಪ್ಯಾಕೆಟ್ ಬೀಳಿಸಿ ಕಳಿಸುವವನಿಗೆ ಸುಳಿವು ಕೊಡುತ್ತದೆ. ಕೇಕ್ 2018ರಲ್ಲಿ ಲಿನಕ್ಸ್ ಕರ್ನೆಲ್ 4.19ರೊಡನೆ ಬಂತು. ಎರಡು ಕ್ರಮಗಳಲ್ಲಿ ನನ್ನ ಆಯ್ಕೆ ಕೇಕ್.

ಕಂಪನಿ ಕೊಟ್ಟ ರೂಟರಿನಲ್ಲಿ ಇದು ಸಿಗುವುದು ವಿರಳ. ಓಪನ್‌ವರ್ಟ್ ಎಂಬ ರೂಟರ್ ತಂತ್ರಾಂಶ ಓಡುವ ರೂಟರ್ ಕೊಂಡುಕೊಳ್ಳಿ, ಅಥವಾ ರೂಟರ್‌ಓಎಸ್ 7 ಇರುವ ಮೈಕ್ರೋಟಿಕ್ ಆದರೂ ಸರಿ, ಅದರಲ್ಲೂ ಕೇಕ್ ಇದೆ. ಕಂಪನಿಯ ಪೆಟ್ಟಿಗೆಯನ್ನು ಬ್ರಿಜ್ ಮೋಡಿಗೆ (ರೂಟರಿನ ಕೆಲಸ ಬಿಟ್ಟು ಲೈನನ್ನು ಹಾಗೇ ದಾಟಿಸುವಂತೆ) ಹಾಕಿಕೊಡಲು ಕೇಬಲ್‌ನವರಿಗೆ ಹೇಳಿ. ಒಪ್ಪದಿದ್ದರೆ ಅದರ ಹಿಂದೆಯೇ ನಿಮ್ಮ ರೂಟರ್ ಕೂರಿಸಿ, ಕಂಪನಿಯ ಪೆಟ್ಟಿಗೆಯ ವೈಫೈ ಬಂದ್ ಮಾಡಿ, ಮನೆಯವರೆಲ್ಲ ನಿಮ್ಮ ರೂಟರಿನ ಮೂಲಕವೇ ಹೋಗುವಂತೆ ಮಾಡಿ. ಒಂದೇ ಒಂದು ಫೋನು ಹಳೆಯ ವೈಫೈಯಲ್ಲಿ ಉಳಿದರೂ ಲೆಕ್ಕವೆಲ್ಲ ತಪ್ಪುತ್ತದೆ.

ಕೊಳ್ಳುವಾಗ ಪ್ರೊಸೆಸರ್ ನೋಡಿ. ಈ ಕೆಲಸ ಪೂರ್ತಿ ಪ್ರೊಸೆಸರಿನ ಮೇಲೆ ಬೀಳುತ್ತದೆ. ಹಳೆಯ ಅಗ್ಗದ ರೂಟರ್‌ಗಳು 100 ಎಂಬಿಪಿಎಸ್ ದಾಟುವಷ್ಟರಲ್ಲೇ ಸುಸ್ತಾಗುತ್ತವೆ.

ಓಪನ್‌ವರ್ಟ್‌ನಲ್ಲಿ ಹೀಗೆ ಮಾಡಿ. ಸಾಫ್ಟ್‌ವೇರ್ ಪುಟಕ್ಕೆ ಹೋಗಿ ಸಾಲು ನಿಭಾಯಿಸುವ ಎಸ್‌ಕ್ಯೂಎಂನ ಲೂಸಿ ಆ್ಯಪ್ (luci-app-sqm) ಹಾಕಿಕೊಳ್ಳಿ. ನೆಟ್‌ವರ್ಕ್ ಮೆನುವಿನಲ್ಲಿ ಎಸ್‌ಕ್ಯೂಎಂ ಎಂಬ ಪುಟ ಬರುತ್ತದೆ. ಇಂಟರ್ಫೇಸ್ ಎಂಬಲ್ಲಿ ಹೊರಗಿನ ಲೈನನ್ನು ಆರಿಸಿ. ಯೂಸರ್‌ನೇಮ್ ಪಾಸ್‌ವರ್ಡ್ ಹಾಕಿ ಜೋಡಿಸುವ ಪಿಪಿಪಿಒಇ ಆಗಿದ್ದರೆ ಅದರ ಹೆಸರಿನ ಇಂಟರ್ಫೇಸನ್ನೇ ಆರಿಸಬೇಕು. ವೇಗ ಬರೆಯಬೇಕಾದ್ದು ಕಿಲೋಬಿಟ್ಟಿನಲ್ಲಿ. ಸಂಜೆ ಅಳೆದದ್ದು 100 ಡೌನ್‌ಲೋಡ್, 20 ಅಪ್‌ಲೋಡ್ ಆಗಿದ್ದರೆ 88000 ಮತ್ತು 18500ರಿಂದ ಶುರುಮಾಡಿ. ಡೌನ್‌ಲೋಡಿಗೆ ಹೆಚ್ಚು ಅಂತರ ಬಿಡುವುದಕ್ಕೆ ಕಾರಣ ಇದೆ: ಆ ಪ್ಯಾಕೆಟ್‌ಗಳು ಕಿರಿದಾದ ದಾರಿಯನ್ನು ದಾಟಿ ಬಂದ ಮೇಲಷ್ಟೇ ನಮ್ಮ ಕೈಗೆ ಸಿಗುತ್ತವೆ. ನಾವಿಲ್ಲಿ ತಡೆದಾಗ ಆ ಕಡೆಯವನು ವೇಗ ತಗ್ಗಿಸಿಯಾನು, ಆದರೆ ಅದಕ್ಕೆ ಒಂದು ಕ್ಷಣ ಬೇಕು. ಆ ಕ್ಷಣದ ನೂಕುನುಗ್ಗಲಿಗೆ ಜಾಗವಿರಲಿ.

ಮುಂದಿನ ಪುಟದಲ್ಲಿ ಕೇಕ್ ಆರಿಸಿ, ಸ್ಕ್ರಿಪ್ಟ್ ಪೀಸ್ ಆಫ್ ಕೇಕ್ ಇರಲಿ. ಲಿಂಕ್ ಲೇಯರ್ ಪುಟದಲ್ಲಿ ಈಥರ್ನೆಟ್ ಆರಿಸಿ ಓವರ್‌ಹೆಡ್ 44 ಬರೆಯಿರಿ. ಫೈರ್‌ವಾಲ್ ಪುಟದಲ್ಲಿ ಫ್ಲೋ ಆಫ್‌ಲೋಡಿಂಗ್ ಇದ್ದರೆ ಬಂದ್ ಮಾಡಿಬಿಡಿ, ಅದಿದ್ದರೆ ಪ್ಯಾಕೆಟ್‌ಗಳು ಈ ಏರ್ಪಾಡನ್ನು ತಪ್ಪಿಸಿಕೊಂಡು ಹೋಗುತ್ತವೆ. ಉಳಿಸಿ, ಮತ್ತೆ ಅದೇ ಪಿಂಗ್, ಅದೇ ಅಪ್‌ಲೋಡ್.

ಪಿಂಗ್ ಖಾಲಿ ಲೈನಿಗಿಂತ 10-15 ಮಿಲಿಸೆಕೆಂಡ್ ಏರಿ ನಿಂತರೆ ಗೆದ್ದಿರಿ. ಆಮೇಲೆ ಸಂಖ್ಯೆಗಳನ್ನು ಚೂರು ಚೂರೇ ಏರಿಸುತ್ತ ಪಿಂಗ್ ಹದಗೆಡುವ ಜಾಗಕ್ಕಿಂತ ಒಂದು ಮೆಟ್ಟಿಲು ಕೆಳಗೆ ನಿಲ್ಲಿಸಿ. ಇನ್ನೂ ಏರುತ್ತಿದ್ದರೆ ಸಂಖ್ಯೆ ಇಳಿಸಿ. ಡೊಂಬಿವಲಿಯ ಆ ಮನೆಯಲ್ಲಿ 400 ಇದ್ದದ್ದು 14-15ಕ್ಕೆ ಬಂದು ನಿಂತಿತು. ಪ್ಲಾನ್ ಇಂದಿಗೂ ಹಳೆಯದೇ.

ಹೆಜ್ಜೆ 6: ಒಂದೊಂದು ಸಾಧನಕ್ಕೂ ಸಮಪಾಲು

ರೂಟರಿನಲ್ಲಿ ಆದ್ಯತೆ ಹೇಳುವ ಹಳೆಯ ಕ್ಯೂಒಎಸ್ ಪುಟಗಳು, ಡೇಟಾ ಯಾವ ಬಗೆಯದೆಂದು ಗುರುತಿಸಲು ಪೋರ್ಟ್ ನಂಬರ್ ಕೇಳುತ್ತವೆ. ಆ ಕಾಲ ಮುಗಿಯಿತು. ಯೂಟ್ಯೂಬ್ ನೋಡುವುದೂ ಗೂಗಲ್ ಡ್ರೈವಿಗೆ ಫೈಲ್ ಏರಿಸುವುದೂ 443ನೇ ಪೋರ್ಟಿನಲ್ಲೇ, ಎರಡೂ ಗುಪ್ತಲಿಪಿಯಲ್ಲೇ. ಯಾವುದು ವಿಡಿಯೊ, ಯಾವುದು ಫೈಲ್ ಎಂದು ಕಂಡುಹಿಡಿಯಲು ಹೆಣಗುವ ಬದಲು ಮನೆಯ ಒಂದೊಂದು ಸಾಧನಕ್ಕೂ ಸಮಪಾಲು ಕೊಡಿ. ನೂರು ಕನೆಕ್ಷನ್ ತೆರೆದ ಡೌನ್‌ಲೋಡರಿಗೂ ಒಂದೇ ಕನೆಕ್ಷನ್ನಿನ ಟಿವಿಗೂ ಆಗ ಒಂದೇ ಲೆಕ್ಕ. ಎಸ್‌ಕ್ಯೂಎಂನ ಹೆಚ್ಚಿನ ಆಯ್ಕೆಗಳಲ್ಲಿ ಒಳಬರುವ ಕಡೆಗೆ ಡ್ಯುಯಲ್-ಡಿಎಸ್‌ಟಿಹೋಸ್ಟ್ (dual-dsthost), ಹೊರಹೋಗುವ ಕಡೆಗೆ ಡ್ಯುಯಲ್-ಎಸ್‌ಆರ್‌ಸಿಹೋಸ್ಟ್ (dual-srchost) ಎಂದು ಬರೆದು, ಎರಡರ ಜೊತೆಗೂ ನ್ಯಾಟ್ (nat) ಎಂಬ ಪದ ಸೇರಿಸಿ. ನ್ಯಾಟ್ ಮರೆತರೆ ಇಡೀ ಮನೆ ಅದಕ್ಕೆ ಒಂದೇ ಸಾಧನವಾಗಿ ಕಾಣುತ್ತದೆ.

ಬ್ಯಾಕಪ್ ಮಾಡುವ ಪೆಟ್ಟಿಗೆ ಮನೆಯಲ್ಲಿ ಬೇರೆಯೇ ಇದ್ದರೆ, ಅದರಿಂದ ಹೊರಡುವುದಕ್ಕೆಲ್ಲ ಸಿಎಸ್1 ಎಂಬ ಕಡಿಮೆ ಆದ್ಯತೆಯ ಗುರುತು ಹಾಕಿ ಸ್ಕ್ರಿಪ್ಟನ್ನು ಲೇಯರ್ ಕೇಕ್‌ಗೆ ಬದಲಿಸಬಹುದು. ಆಗ ಅದು ಬಲ್ಕ್ ಸಾಲಿಗೆ ಹೋಗುತ್ತದೆ. ಉಳಿದವರು ಎಳೆಯುತ್ತಿರುವಾಗ ಅದಕ್ಕೆ ಸಿಗುವುದು ಸಣ್ಣ ಪಾಲು, ಲೈನ್ ಖಾಲಿಯಾದಾಗ ಪೂರ್ತಿ ಅದರದೇ. ಈ ಗುರುತು ಅಪ್‌ಲೋಡಿಗೆ ಸಲೀಸು; ಡೌನ್‌ಲೋಡಿಗೆ ತೊಡಕು, ಅದರ ಗೋಜಿಗೆ ಹೋಗಬೇಡಿ.

ಹೆಜ್ಜೆ 7: ಸಂಘದ ಕಾರ್ಯಕ್ರಮದ ಲೈವ್

ಮಾಟುಂಗದಲ್ಲೋ ಠಾಣೆಯಲ್ಲೋ ಹಾಲ್ ಹಿಡಿದು ತಾಳಮದ್ದಳೆ ಇಟ್ಟಾಗ ಮನೆಯ ಲೆಕ್ಕ ತಿರುಗುಮುರುಗಾಗುತ್ತದೆ; ಇಲ್ಲಿ ಸ್ಟ್ರೀಮಿಂಗ್ ಹೊರಗೆ ಹೋಗುವ ಕಡೆ. ಹಾಲ್‌ನ ಅಪ್‌ಲೋಡ್ ಅಳೆದು, ಅದರ ಅರ್ಧವನ್ನು ಮೀರದ ಬಿಟ್‌ರೇಟ್ ಇಡಿ. 720ಪಿಗೆ 3ರಿಂದ 4 ಎಂಬಿಪಿಎಸ್ ಸಾಕು. ಲೈವ್ ಕಳಿಸುವ ಓಬಿಎಸ್ ತಂತ್ರಾಂಶದಲ್ಲಿ ರೇಟ್ ಕಂಟ್ರೋಲ್ ಸಿಬಿಆರ್ (ಒಂದೇ ಸಮನಾದ ಬಿಟ್‌ರೇಟ್), ಕೀಫ್ರೇಮ್ 2 ಸೆಕೆಂಡ್. ಸುಧಾರಿತ ಸೆಟ್ಟಿಂಗಿನಲ್ಲಿ, ಲೈನ್ ಬಿಗಿಯಾದಾಗ ಬಿಟ್‌ರೇಟನ್ನು ತಾನೇ ಇಳಿಸುವ ಆಯ್ಕೆಗೆ ಟಿಕ್ ಹಾಕಿ.

ಧ್ವನಿಯ ವಿಷಯದಲ್ಲಿ ಜಿಪುಣತನ ಬೇಡ. ಧ್ವನಿಗೆ ಬೇಕಾಗುವುದು 160 ಕಿಲೋಬಿಟ್, ಚಿತ್ರದ ಹದಿನೈದನೇ ಒಂದು ಪಾಲೂ ಅಲ್ಲ. ತಾಳಮದ್ದಳೆಯಲ್ಲಿ ಚಿತ್ರ ಮಸುಕಾದರೆ ಯಾರಿಗೂ ನಷ್ಟವಿಲ್ಲ. ಕರ್ಣ ಕೃಷ್ಣನಿಗೆ ಉತ್ತರ ಕೊಡುವಾಗ ಮಾತು ಅರ್ಧಕ್ಕೆ ಕತ್ತರಿಸಿದರೆ ಊರಲ್ಲಿ ಕೂತು ನೋಡುತ್ತಿರುವವರಿಗೆ ಉಳಿಯುವುದು ಏನು? ಲೈನ್ ತೀರ ಬಡಕಲಾದರೆ 480ಪಿಗೆ ಇಳಿಯಿರಿ, ಧ್ವನಿ ಮುಟ್ಟಬೇಡಿ.

ಹಾಲ್‌ನ ವೈಫೈ ಪಾಸ್‌ವರ್ಡ್ ಸಭಿಕರ ಕೈಗೆ ಹೋಗದಿರಲಿ. ಇನ್ನೂರು ಫೋನು ಒಟ್ಟಿಗೆ ಬ್ಯಾಕಪ್ ಶುರುಮಾಡಿದರೆ ಯಾವ ಲೈನೂ ತಡೆಯದು. ಲೈವ್ ಲ್ಯಾಪ್‌ಟಾಪಿನಲ್ಲಿ ಒನ್‌ಡ್ರೈವ್, ವಿಂಡೋಸ್ ಅಪ್‌ಡೇಟ್ ಎರಡನ್ನೂ ಕಾರ್ಯಕ್ರಮ ಮುಗಿಯುವವರೆಗೆ ನಿಲ್ಲಿಸಿ. ಜೊತೆಗೇ ಲ್ಯಾಪ್‌ಟಾಪಿನಲ್ಲೇ ಪೂರ್ತಿ 1080ಪಿ ರೆಕಾರ್ಡ್ ಆಗಲಿ. ಆ ದೊಡ್ಡ ಫೈಲನ್ನು ಮನೆಗೆ ಬಂದು ರಾತ್ರಿ ಏರಿಸಿದರಾಯಿತು.

ಹಾಲ್‌ನಲ್ಲಿ ಫೈಬರ್ ಇಲ್ಲದೆ 4ಜಿ, 5ಜಿ ಡಾಂಗಲ್ಲೇ ಗತಿಯಾದರೆ ಜಾಗ್ರತೆ. ಅದರ ವೇಗ ಗಳಿಗೆಗೊಂದು ಥರ, ಜನ ತುಂಬಿದಂತೆ ಇಳಿಯುತ್ತದೆ. ಖಾಲಿ ಹಾಲ್‌ನಲ್ಲಿ ಬಂದ ಸಂಖ್ಯೆಯನ್ನು ನಂಬಬೇಡಿ. ಅದರ ಮೂರನೇ ಒಂದು ಪಾಲಿಗೆ ಬಿಟ್‌ರೇಟ್ ಇಡಿ.

ಹೆಜ್ಜೆ 8: ಆಗಾಗ ನೋಡಿಕೊಳ್ಳಿ

ಇಷ್ಟೆಲ್ಲ ಮಾಡಿದ ಮೇಲೂ ಎಲ್ಲರೂ ಸ್ಟ್ರೀಮಿಂಗ್ ನೋಡುವ ಹೊತ್ತಿಗೆ ಗುಣಮಟ್ಟ ಇಳಿಯುತ್ತಿದ್ದು, ಪಿಂಗ್ ಮಾತ್ರ ನೆಟ್ಟಗಿದ್ದರೆ, ಆಗ ನಿಜವಾಗಿ ವೇಗವೇ ಸಾಲದು. ದೊಡ್ಡ ಪ್ಲಾನಿಗೆ ದುಡ್ಡು ಕೊಡಬೇಕಾದ್ದು ಆಗ. ಪಿಂಗ್ ಏರುತ್ತಿದ್ದರೆ ಇನ್ನೂ ಐದನೆಯ ಹೆಜ್ಜೆಯಲ್ಲೇ ಕೆಲಸ ಬಾಕಿ ಇದೆ.

ತಿಂಗಳ ಕೋಟಾ ಮುಗಿದು ಕಂಪನಿ ವೇಗ ಇಳಿಸಿದ ದಿನ ನಿಮ್ಮ 88000 ಕೆಲಸಕ್ಕೆ ಬಾರದು. ಸಾಲು ಮತ್ತೆ ಅವರ ಪೆಟ್ಟಿಗೆಗೆ ಹೋಗಿರುತ್ತದೆ, ಇಳಿದ ವೇಗಕ್ಕೆ ತಕ್ಕ ಸಂಖ್ಯೆ ಬರೆಯಬೇಕು. ಪ್ಲಾನ್ ಏರಿಸಿದ ದಿನವೂ ಅಷ್ಟೇ: 200 ಎಂಬಿಪಿಎಸ್ ತೆಗೆದುಕೊಂಡು ರೂಟರಿನಲ್ಲಿ ಹಳೆಯ ಮಿತಿ ಬಿಟ್ಟರೆ ಹೆಚ್ಚಿನ ದುಡ್ಡಿಗೂ ಹಳೆಯ ವೇಗವೇ ಸಿಗುತ್ತದೆ. ಎರಡು ಸಂಖ್ಯೆಗಳನ್ನೂ ಅಳೆದ ತಾರೀಕನ್ನೂ ಒಂದು ಚೀಟಿಯಲ್ಲಿ ಬರೆದು ರೂಟರಿನ ಬೆನ್ನಿಗೆ ಅಂಟಿಸಿಡಿ. ನೀವು ಊರಿಗೆ ಹೋಗಿದ್ದಾಗ ಮನೆಯಲ್ಲಿರುವವರಿಗೂ ಬೇಕಾಗುತ್ತದೆ.